ವರ್ಷದ ಯೂನಿಟ್ ಬಿಡಿ, ಸಂಜೆ ಏಳರ ಲೋಡ್ ನೋಡಿ

ಪ್ರಶ್ನೆ: ನಾನು ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ ಬ್ಲಾಕಿನ ಒಂದು ಗ್ರಾಮ ಪಂಚಾಯತಿನ ವರ್ಕಿಂಗ್ ಗ್ರೂಪಿನಲ್ಲಿದ್ದೇನೆ. ಮುಂದಿನ ಹತ್ತು ವರ್ಷದಲ್ಲಿ ನಮ್ಮಲ್ಲಿ ವಿದ್ಯುತ್ ಬೇಡಿಕೆ ಎಷ್ಟಾದೀತು, ಅದರಲ್ಲಿ ಸೋಲಾರಿನ ಪಾಲು ಎಷ್ಟಿರಬೇಕು ಎಂದು ಒಂದು ಯೋಜನೆ ತಯಾರಿಸುವ ಮಾತು ನಡೆದಿದೆ. ಒಂದು ಕಂಪನಿಯವರು ಬಂದು ಡ್ಯಾಶ್‌ಬೋರ್ಡ್ ತೋರಿಸಿ ಹೋದರು. ಉಪಗ್ರಹ ಚಿತ್ರ, ಎಐ ಎಲ್ಲ ಅದರಲ್ಲಿ ಇದೆಯಂತೆ. ಅದಕ್ಕೆ ದುಡ್ಡು ಹಾಕಬಹುದೇ, ಇಲ್ಲ ಉಚಿತವಾಗಿ ಸಿಗುವ ಸಾಧನಗಳೇ ಸಾಕೇ? ಇನ್ನೊಂದು: ಪೈವಳಿಕೆಯಲ್ಲಿ ಅಷ್ಟು ದೊಡ್ಡ ಸೋಲಾರ್ ಪಾರ್ಕ್ ಇರುವಾಗ ಬೇಸಗೆಯ ಸಂಜೆ ನಮಗೆ ವೋಲ್ಟೇಜ್ ಯಾಕಿಲ್ಲ ಎಂದು ಗ್ರಾಮಸಭೆಯಲ್ಲಿ ಜನ ಕೇಳುತ್ತಾರೆ. ಅವರಿಗೆ ಏನು ಹೇಳಲಿ?

ಉತ್ತರ: ಕೊನೆಯದರಿಂದಲೇ ಶುರುಮಾಡುತ್ತೇನೆ. ಗ್ರಾಮಸಭೆಯ ಪ್ರಶ್ನೆಗೆ ಉತ್ತರ ಸಿಕ್ಕಿದರೆ ಯಾವ ಸಾಫ್ಟ್‌ವೇರ್ ಬೇಕು, ಯಾವುದು ಬೇಡ ಎಂಬುದೂ ಮುಕ್ಕಾಲು ಪಾಲು ತೀರ್ಮಾನವಾದ ಹಾಗೆಯೇ.

ಪೈವಳಿಕೆ, ಮೀಂಜ, ಚಿಪ್ಪಾರು ಗ್ರಾಮಗಳ ಸುಮಾರು 250 ಎಕ್ರೆಯಲ್ಲಿ ಹರಡಿರುವ ಆ ಪಾರ್ಕಿನ ಸಾಮರ್ಥ್ಯ 50 ಮೆಗಾವ್ಯಾಟ್. 2021ರ ಫೆಬ್ರವರಿ 19ರಂದು ಅದರ ಉದ್ಘಾಟನೆಯಾಯಿತು. ನಮ್ಮ ಕಡೆ ಒಂದು ಕಿಲೋವ್ಯಾಟ್ ಸೋಲಾರಿಗೆ ವರ್ಷದ ಸರಾಸರಿಯಲ್ಲಿ ದಿನಕ್ಕೆ ನಾಲ್ಕು ಯೂನಿಟ್ ಎಂದು ಹಿಡಿಯುವುದು ರೂಢಿ. ಆ ಲೆಕ್ಕಕ್ಕೆ ಪಾರ್ಕಿನಿಂದ ದಿನಕ್ಕೆ 2 ಲಕ್ಷ ಯೂನಿಟ್, ವರ್ಷಕ್ಕೆ 7 ಕೋಟಿಗೂ ಮಿಕ್ಕಿ. ನಿಮ್ಮ ಪಂಚಾಯತಿನಲ್ಲಿ ಹತ್ತು ಸಾವಿರ ಮನೆ, ಮನೆಯೊಂದಕ್ಕೆ ತಿಂಗಳಿಗೆ 150 ಯೂನಿಟ್ ಎಂದು ಧಾರಾಳವಾಗಿಯೇ ಇಟ್ಟುಕೊಳ್ಳಿ. ವರ್ಷಕ್ಕೆ 1.8 ಕೋಟಿ ಯೂನಿಟ್ ಆಯಿತು. ಅಂದರೆ ಕಾಗದದ ಮೇಲೆ ಆ ಪಾರ್ಕು ಅಂಥ ನಾಲ್ಕು ಪಂಚಾಯತುಗಳ ಮನೆಗಳಿಗೆ ಸಾಕು.

ಆದರೆ ಸಂಜೆ ಏಳಕ್ಕೆ ಪಾರ್ಕಿನ ಉತ್ಪಾದನೆ ಸೊನ್ನೆ. ಮಧ್ಯಾಹ್ನ ಅಲ್ಲಿ ಹುಟ್ಟುವ ಕರೆಂಟಾದರೂ ಹೈಟೆನ್ಶನ್ ಲೈನಿನಲ್ಲಿ ರಾಜ್ಯದ ಗ್ರಿಡ್ಡಿಗೆ ಹೋಗಿ ಸೇರುತ್ತದೆ. ನಿಮ್ಮ ಮನೆ ಪಕ್ಕದ ಟ್ರಾನ್ಸ್‌ಫಾರ್ಮರಿಗೂ ಅದಕ್ಕೂ ನೇರ ನಂಟಿಲ್ಲ. ಮೂರು ಸಾವಿರ ಮಿಲ್ಲಿಮೀಟರಿಗೂ ಹೆಚ್ಚು ಮಳೆ ಬೀಳುವ ನಮ್ಮ ಊರಲ್ಲೇ ಏಪ್ರಿಲಿಗೆ ಬಾವಿ ಬತ್ತುತ್ತದಲ್ಲ, ಇದೂ ಹಾಗೆ. ವರ್ಷದ ಮೊತ್ತದಲ್ಲಿ ಕೊರತೆ ಇಲ್ಲ, ಬೇಕಾದ ಹೊತ್ತಿಗೆ ಬೇಕಾದ ಜಾಗದಲ್ಲಿ ಇಲ್ಲ, ಅಷ್ಟೆ.

ವೋಲ್ಟೇಜ್ ಬೀಳುವುದಕ್ಕೆ ಕಾರಣ ಎರಡು ಮೆಟ್ಟಿಲಲ್ಲಿದೆ. ಮೇಲಿನದು ಜಿಲ್ಲೆಯ ಮಟ್ಟದ್ದು. ಕಾಸರಗೋಡು ಕೇರಳದ ಗ್ರಿಡ್ಡಿನ ಉತ್ತರದ ತುದಿ. ದಕ್ಷಿಣದಿಂದ ಬರುವ ಲೈನು ಇಲ್ಲಿಗೆ ತಲುಪುವಷ್ಟರಲ್ಲಿ ದಾರಿಯುದ್ದಕ್ಕೂ ಬೇರೆಯವರ ಲೋಡ್ (ಒಂದೇ ಹೊತ್ತಿಗೆ ಎಳೆಯುವ ವಿದ್ಯುತ್ತಿನ ಹೊರೆ) ಹೊತ್ತಿರುತ್ತದೆ. ಉಡುಪಿಯಿಂದ ನಮ್ಮ ಜಿಲ್ಲೆಯ ಕರಿಂದಳಕ್ಕೆ 400 ಕೆವಿ ಲೈನ್ ಎಳೆಯುವ ಯೋಜನೆ ಹುಟ್ಟಿದ್ದೇ ಈ ಕೊರತೆ ನೀಗಲಿಕ್ಕೆ. ಇದರಲ್ಲಿ ಪಂಚಾಯತಿನ ಕೈಯಲ್ಲಿ ಇರುವುದು ಕಡಿಮೆ, ಆದ್ದರಿಂದ ಇದನ್ನು ಇಲ್ಲಿಗೇ ಬಿಡುತ್ತೇನೆ. ಕೆಳಗಿನ ಮೆಟ್ಟಿಲು ನಿಮ್ಮ ವಾರ್ಡಿನ ಟ್ರಾನ್ಸ್‌ಫಾರ್ಮರ್ ಮತ್ತು ಅಲ್ಲಿಂದ ಹೊರಡುವ ಲೈನು. ನಮ್ಮಲ್ಲಿ ತೋಟಕ್ಕೊಂದು ಮನೆ. ಗುಡ್ಡೆಯ ಈಚೆ ಒಂದು, ಆಚೆ ಒಂದು. ಲೈನು ಉದ್ದವಾದಷ್ಟೂ ಕೊನೆಯ ಮನೆಗೆ ವೋಲ್ಟೇಜ್ ಕಡಿಮೆ. ಮೇಲಿಂದ ಆ ಲೈನಿನಲ್ಲೇ ನಾಲ್ಕು ಅಡಕೆ ತೋಟದ ಪಂಪು. ವೋಲ್ಟೇಜ್ ಇಳಿದಾಗ ಮೋಟರು ಇನ್ನಷ್ಟು ಕರೆಂಟು ಎಳೆಯುತ್ತದೆ, ಅದರಿಂದ ವೋಲ್ಟೇಜ್ ಮತ್ತೂ ಇಳಿಯುತ್ತದೆ.

ಆದ್ದರಿಂದ ನಿಮ್ಮ ಯೋಜನೆ ಉತ್ತರಿಸಬೇಕಾದ್ದು ಒಂದೇ ಪ್ರಶ್ನೆಗೆ: ಯಾವ ತಿಂಗಳು, ಯಾವ ಗಂಟೆ, ಯಾವ ಟ್ರಾನ್ಸ್‌ಫಾರ್ಮರಿನಲ್ಲಿ ಎಷ್ಟು ಲೋಡ್? ಕಂಪನಿಯವರ ಡ್ಯಾಶ್‌ಬೋರ್ಡ್ ಇದಕ್ಕೆ ಉತ್ತರ ಕೊಡುತ್ತದೆಯೇ ಎಂದು ಕೇಳಿ. ಇಂಥ ಡ್ಯಾಶ್‌ಬೋರ್ಡ್‌ಗಳಲ್ಲಿ ಹೆಚ್ಚಿನವು ಜನಸಂಖ್ಯೆಗೆ ಒಂದು ಬೆಳವಣಿಗೆಯ ದರ ಹಚ್ಚಿ ವರ್ಷದ ಯೂನಿಟ್ ತೋರಿಸುತ್ತವೆ, ಬಣ್ಣಬಣ್ಣದ ನಕ್ಷೆಯೊಂದಿಗೆ. ಅಷ್ಟು ಲೆಕ್ಕಕ್ಕೆ ಎಕ್ಸೆಲ್ ಧಾರಾಳ ಸಾಕು. ಅವರನ್ನು ಪರೀಕ್ಷಿಸಲು ಒಂದು ಸುಲಭದ ದಾರಿಯಿದೆ. ನಿಮ್ಮ ಕಡೆಯ ಒಂದು ಫೀಡರಿನ (ಸಬ್‌ಸ್ಟೇಷನ್ನಿನಿಂದ ಟ್ರಾನ್ಸ್‌ಫಾರ್ಮರುಗಳಿಗೆ ಬರುವ ಲೈನಿನ) 2022ರ ವರೆಗಿನ ಅಂಕಿಅಂಶ ಮಾತ್ರ ಕೊಟ್ಟು, 2024ರ ಏಪ್ರಿಲ್ ಸಂಜೆಯ ಲೋಡ್ ಎಷ್ಟಿತ್ತು ಎಂದು ಅವರ ಯಂತ್ರದಿಂದಲೇ ಹೇಳಿಸಿ. ನಿಜವಾದ ಅಂಕಿ ಸಬ್‌ಸ್ಟೇಷನ್ನಿನ ದಾಖಲೆಯಲ್ಲಿ ಇರುತ್ತದೆ. ಹತ್ತಿರ ಬಂದರೆ ಮುಂದಿನ ಮಾತು. ಪರೀಕ್ಷೆಗೇ ಒಪ್ಪದಿದ್ದರೆ ಚಹಾ ಕೊಟ್ಟು ಕಳಿಸಿ.

2024 ಎಂದು ಸುಮ್ಮನೆ ಹೇಳಿದ್ದಲ್ಲ. ಆ ವರ್ಷದ ಮೇ ಮೊದಲ ವಾರದಲ್ಲಿ ಕೇರಳದ ಗರಿಷ್ಠ ಬೇಡಿಕೆ 5,700 ಮೆಗಾವ್ಯಾಟ್ ದಾಟಿತು, ದಿನದ ಬಳಕೆ 11 ಕೋಟಿ ಯೂನಿಟ್ ಮೀರಿತು. ಅದಕ್ಕಿಂತ ಮುಖ್ಯವಾಗಿ, ಮೊದಲೆಲ್ಲ ಸಂಜೆ ಆರರಿಂದ ಹತ್ತರೊಳಗೆ ಮುಗಿಯುತ್ತಿದ್ದ ಏರಿಕೆ ರಾತ್ರಿ ಹತ್ತು ದಾಟಿದರೂ ಇಳಿಯಲಿಲ್ಲ. ಸೆಖೆಗೆ ಎಸಿ, ಅದರ ಜತೆ ಚಾರ್ಜಿಗೆ ಹಾಕಿದ ಗಾಡಿಗಳು. ಹಳೆಯ ದರವನ್ನೇ ಮುಂದಕ್ಕೆ ಎಳೆಯುವ ಯಾವ ಸೂತ್ರಕ್ಕೂ ಈ ತಿರುವು ಕಾಣುವುದಿಲ್ಲ. ಕೇಂದ್ರ ವಿದ್ಯುತ್ ಪ್ರಾಧಿಕಾರ ಪ್ರಕಟಿಸುವ ವಿದ್ಯುತ್ ಸಮೀಕ್ಷೆ ಇದೆ, 20ನೆಯದು 2022ರಲ್ಲಿ ಬಂತು. ಒಳ್ಳೆಯ ಕೆಲಸವೇ. ಆದರೆ ಅದು ರಾಜ್ಯದ ಮಟ್ಟದಲ್ಲಿ ನಿಲ್ಲುತ್ತದೆ, ನಿಮ್ಮ ವಾರ್ಡಿಗೆ ಇಳಿಯುವುದಿಲ್ಲ.

ಒಂದು ಸಣ್ಣ ಲೆಕ್ಕ ಹಾಕೋಣ. 100 ಕೆವಿಎ ಟ್ರಾನ್ಸ್‌ಫಾರ್ಮರ್, ಅದರಡಿ 60 ಮನೆ. ಫ್ಯಾನು, ಲೈಟು, ಫ್ರಿಜ್ಜು, ಟಿವಿ ಎಂದು ಮನೆಗೆ ಅರ್ಧ ಕಿಲೋವ್ಯಾಟ್: 30 ಕಿಲೋವ್ಯಾಟ್. ನಲವತ್ತು ಮನೆಯಲ್ಲಿ ಒಂದೂವರೆ ಟನ್ನಿನ ಎಸಿ (ತಲಾ ಒಂದೂವರೆ ಕಿಲೋವ್ಯಾಟ್) ಇದೆ, ರಾತ್ರಿ ಒಂದೇ ಹೊತ್ತಿಗೆ ನೂರಕ್ಕೆ ಎಪ್ಪತ್ತು ಓಡುತ್ತವೆ ಎಂದರೆ 42 ಕಿಲೋವ್ಯಾಟ್. ಒಟ್ಟು 72. ಇದಕ್ಕೆ ಐದು ಇಲೆಕ್ಟ್ರಿಕ್ ಕಾರು ಸೇರಿಸಿ, ಮನೆಯ ಸಾಮಾನ್ಯ 3.3 ಕಿಲೋವ್ಯಾಟ್ ಚಾರ್ಜರಿನಲ್ಲಿ. 88 ದಾಟಿತು. ಪವರ್ ಫ್ಯಾಕ್ಟರ್ (ಟ್ರಾನ್ಸ್‌ಫಾರ್ಮರ್ ಹೊರುವ ಕೆವಿಎಯಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಕಿಲೋವ್ಯಾಟಿನ ಪಾಲು) 0.9 ಎಂದು ಹಿಡಿದರೆ 98 ಕೆವಿಎ, ಟ್ರಾನ್ಸ್‌ಫಾರ್ಮರ್ ಭರ್ತಿ. ಯೂನಿಟ್ ಲೆಕ್ಕದಲ್ಲಿ ಆ ಐದು ಕಾರು ದಿನಕ್ಕೆ ಮೂವತ್ತು ಮೂವತ್ತು ಕಿಲೋಮೀಟರ್ ಓಡಿದರೂ ತಿನ್ನುವುದು ಇಪ್ಪತ್ತಮೂರು ಯೂನಿಟ್ ಆಸುಪಾಸು, ಒಟ್ಟು ಬಳಕೆಯ ಐದು ಶೇಕಡದೊಳಗೆ. ಲೋಡಿನಲ್ಲಿ ಮಾತ್ರ ಕಾಲುಭಾಗಕ್ಕೆ ಹತ್ತಿರದ ಏರಿಕೆ. ಯೂನಿಟ್ ಮಾತ್ರ ನೋಡುವ ಯೋಜನೆಗೆ ಕಾರುಗಳು ಕಾಣುವುದೇ ಇಲ್ಲ, ಲೈನ್‌ಮ್ಯಾನಿಗೆ ಮೊದಲು ಕಾಣುವುದು ಅವೇ. ಅವೇ ಕಾರುಗಳು ರಾತ್ರಿ ಒಂದರ ನಂತರ ಚಾರ್ಜಾದರೆ, ಅಥವಾ ಕೆಲಸದ ಜಾಗದಲ್ಲಿ ಹಗಲು ಚಾರ್ಜಾದರೆ, ಈ ಟ್ರಾನ್ಸ್‌ಫಾರ್ಮರಿಗೆ ಏನೂ ಆಗುವುದಿಲ್ಲ.

ಈಗ ಸಾಧನಗಳ ವಿಷಯ. ಉಚಿತವಾದವು ಸಾಕು, ಆದರೆ ಮೊದಲ ಸಾಧನ ಕಂಪ್ಯೂಟರಿನಲ್ಲಿಲ್ಲ, ಕೇರಳದ ವಿದ್ಯುತ್ ಮಂಡಳಿ ಕೆಎಸ್‌ಇಬಿಯ ಸೆಕ್ಷನ್ ಆಫೀಸಿನಲ್ಲಿದೆ. ಪಂಚಾಯತಿನ ಕಡೆಯಿಂದ ಒಂದು ಪತ್ರ ಕೊಟ್ಟು ಮೂರು ಸಂಗತಿ ಕೇಳಿ: ನಿಮ್ಮ ಪ್ರದೇಶದ ಪ್ರತಿ ಟ್ರಾನ್ಸ್‌ಫಾರ್ಮರಿನ ಸಾಮರ್ಥ್ಯ, ಅದರಡಿಯ ಸಂಪರ್ಕಗಳು ಎಷ್ಟು ಮತ್ತು ಯಾವ ವರ್ಗದವು, ಮತ್ತು 11 ಕೆವಿ ಫೀಡರುಗಳ ಗಂಟೆಗಂಟೆಯ ಲೋಡ್ ದಾಖಲೆ. ಮೀಟರ್ ಇಲ್ಲದ ಟ್ರಾನ್ಸ್‌ಫಾರ್ಮರುಗಳಲ್ಲಿ ಬೇಸಗೆಯ ಕೆಲವು ಸಂಜೆ ಅವರೇ ಟಾಂಗ್ ಟೆಸ್ಟರ್ (ತಂತಿಗೆ ಕಚ್ಚಿಸಿ ಕರೆಂಟು ಅಳೆಯುವ ಉಪಕರಣ) ಹಿಡಿದು ಅಳೆದು ಕೊಟ್ಟರೆ ಅದಕ್ಕಿಂತ ಬೆಲೆಯ ಅಂಕಿ ಇನ್ನೊಂದಿಲ್ಲ. ಫೀಡರಿಗೆ ಪಂಚಾಯತಿನ ಗಡಿ ಗೊತ್ತಿಲ್ಲ ಎಂಬುದು ನೆನಪಿರಲಿ. ಒಂದೇ ಫೀಡರ್ ಎರಡು ಮೂರು ಪಂಚಾಯತುಗಳಿಗೆ ಹೋಗುತ್ತದೆ. ವರ್ಕಾಡಿ, ಮೀಂಜ, ಪೈವಳಿಕೆಯವರು ಪ್ರತ್ಯೇಕ ಪ್ರತ್ಯೇಕ ಯೋಜನೆ ಮಾಡುವುದಕ್ಕಿಂತ ಬ್ಲಾಕ್ ಮಟ್ಟದಲ್ಲಿ ಒಂದಾಗಿ ಮಾಡಿದರೆ ಲೆಕ್ಕ ಕೂಡುತ್ತದೆ, ಕೆಎಸ್‌ಇಬಿಗೂ ಒಂದೇ ಪತ್ರಕ್ಕೆ ಉತ್ತರ ಕೊಟ್ಟರಾಯಿತು.

ಆ ಮೇಲೆ ಕ್ಯೂಜಿಐಎಸ್. ನಕ್ಷೆ ಮಾಡುವ ಉಚಿತ ತಂತ್ರಾಂಶ, ಸಾಧಾರಣ ಲ್ಯಾಪ್‌ಟಾಪಿನಲ್ಲಿ ಓಡುತ್ತದೆ. ಟ್ರಾನ್ಸ್‌ಫಾರ್ಮರ್ ಇರುವ ಜಾಗಗಳನ್ನು ಮೊಬೈಲಿನ ಜಿಪಿಎಸ್ಸಿನಲ್ಲಿ ಗುರುತು ಮಾಡಿ ಅದರಲ್ಲಿ ಕೂರಿಸಿ, ಪ್ರತಿಯೊಂದಕ್ಕೂ ಸಾಮರ್ಥ್ಯ, ಮನೆ, ಪಂಪು, ಅಂಗಡಿ, ಅಳೆದ ಲೋಡ್ ಸೇರಿಸಿ. ಎಂಬತ್ತು ಶೇಕಡಕ್ಕಿಂತ ಹೆಚ್ಚು ತುಂಬಿದವಕ್ಕೆ ಕೆಂಪು ಬಣ್ಣ. ಈ ಒಂದು ನಕ್ಷೆ ಕೈಗೆ ಬಂದ ದಿನ ನಿಮ್ಮ ಯೋಜನೆಯ ಅರ್ಧ ಕೆಲಸ ಮುಗಿಯಿತು ಎಂದೇ ನನ್ನ ಎಣಿಕೆ. ಉಳಿದದ್ದೆಲ್ಲ ಈ ಬಿಂದುಗಳ ಮುಂದಿನ ಹತ್ತು ವರ್ಷದ ಕಥೆ.

ಮನೆಮನೆ ಸಮೀಕ್ಷೆಗೆ ಕೋಬೋಟೂಲ್‌ಬಾಕ್ಸ್ ಎಂಬ ಉಚಿತ ಆ್ಯಪ್ ಇದೆ. ಪ್ರಶ್ನೆಗಳನ್ನು ಕನ್ನಡದಲ್ಲೂ ಮಲಯಾಳದಲ್ಲೂ ಇಡಬಹುದು, ನೆಟ್‌ವರ್ಕ್ ಇಲ್ಲದ ಗುಡ್ಡೆಯಲ್ಲೂ ತುಂಬಿಸಬಹುದು. ಕುಟುಂಬಶ್ರೀ ಮಹಿಳಾ ಸಂಘದವರು ಇದನ್ನು ಸಲೀಸಾಗಿ ಮಾಡಿಯಾರು. ಎಲ್ಲ ಮನೆಯೂ ಬೇಡ, ಪ್ರತಿ ಟ್ರಾನ್ಸ್‌ಫಾರ್ಮರಿನಡಿ ಹತ್ತರಲ್ಲಿ ಒಂದು ಮನೆ ಸಾಕು. ಕೇಳಬೇಕಾದ್ದು: ಎಸಿ ಎಷ್ಟು, ಯಾವ ಹೊತ್ತಿಗೆ ಹಾಕುತ್ತೀರಿ, ಪಂಪು ಎಷ್ಟು ಎಚ್‌ಪಿ, ಯಾವಾಗ ಬಿಡುತ್ತೀರಿ, ಅಡುಗೆ ಯಾವುದರಲ್ಲಿ, ಗಾಡಿ ಯಾವುದು, ಮನೆಯಲ್ಲಿ ವರ್ಷದಲ್ಲಿ ಎಷ್ಟು ತಿಂಗಳು ಜನ ಇರುತ್ತಾರೆ.

ಈ ಕೊನೆಯ ಪ್ರಶ್ನೆ ನಮ್ಮ ಜಿಲ್ಲೆಗೆ ತುಂಬ ಮುಖ್ಯ. ಇಲ್ಲಿ ದೊಡ್ಡ ಮನೆ ಎಂದರೆ ದೊಡ್ಡ ಬಿಲ್ಲು ಎಂದಲ್ಲ. ಗಲ್ಫಿನಲ್ಲಿರುವವರ ಎರಡಂತಸ್ತಿನ ಮನೆ ಹತ್ತು ತಿಂಗಳು ಬೀಗ ಹಾಕಿರುತ್ತದೆ, ರಜೆಯಲ್ಲಿ ಬಂದಾಗ ಮೂರು ಎಸಿ ಒಟ್ಟಿಗೆ ಓಡುತ್ತವೆ. ಉಪಗ್ರಹ ಚಿತ್ರದಿಂದ ಕಟ್ಟಡದ ಗಾತ್ರ ಅಳೆದು ಬೇಡಿಕೆ ಊಹಿಸುವ ಎಐಗೆ ಬೀಗ ಕಾಣುವುದಿಲ್ಲ. ಅದಕ್ಕೆ ಕಾಣದ್ದು ಇನ್ನೂ ಇದೆ. ಅಡಕೆ ಒಣಗಿಸಲು ಅಂಗಳಕ್ಕೆ ಶೀಟು ಹಾಕಿದ ಮಾಡು ಮೇಲಿಂದ ಮನೆಯ ಚಾವಣಿಯಂತೆಯೇ ತೋರುತ್ತದೆ. ಹಂಚಿನ ಮಾಡು ಯಾವುದು, ಆರ್‌ಸಿಸಿ ಯಾವುದು ಎಂದು ಗೊಂದಲ. ತೆಂಗಿನ ನೆರಳಿನಡಿ ಅಡಗಿದ ಮನೆ ಲೆಕ್ಕಕ್ಕೇ ಬರುವುದಿಲ್ಲ. ಹಾಗಾಗಿ ಚಾವಣಿ ಸೋಲಾರಿನ ಸಾಧ್ಯತೆ ಇಷ್ಟು ಮೆಗಾವ್ಯಾಟ್ ಎಂದು ಉಪಗ್ರಹದಿಂದ ನೇರವಾಗಿ ತೆಗೆದ ಅಂಕಿ ಕೊಟ್ಟರೆ ನಂಬಬೇಡಿ. ಒಂದು ವಾರ್ಡಿನಲ್ಲಿ ನಡೆದು ನೋಡಿ ಹೋಲಿಸಿ, ಆಮೇಲೆ ಇಡೀ ಪಂಚಾಯತಿಗೆ ತಿದ್ದಿಕೊಳ್ಳಿ. ರಾತ್ರಿಯ ಬೆಳಕಿನ ಉಪಗ್ರಹ ಚಿತ್ರ ತೋರಿಸಿ ಅಭಿವೃದ್ಧಿ ಅಳೆಯುತ್ತೇವೆ ಎನ್ನುವವರೂ ಇದ್ದಾರೆ. ಹೈವೇ 66 ಷಟ್ಪಥವಾಗಿ ದೀಪ ಬಂದ ಮೇಲೆ ಅದರ ಬದಿಯ ಊರುಗಳೆಲ್ಲ ಅದರಲ್ಲಿ ಒಮ್ಮೆಲೇ ಅಭಿವೃದ್ಧಿಯಾಗಿರುತ್ತವೆ!

ಸೋಲಾರ್ ಎಷ್ಟು ಸಿಗುತ್ತದೆ ಎಂಬುದಕ್ಕೆ ಯುರೋಪಿಯನ್ ಕಮಿಷನ್ನಿನ ಪಿವಿಜಿಐಎಸ್, ವಿಶ್ವಬ್ಯಾಂಕಿನ ಗ್ಲೋಬಲ್ ಸೋಲಾರ್ ಅಟ್ಲಾಸ್ ಎರಡೂ ಉಚಿತ, ಎರಡೂ ಚೆನ್ನಾಗಿವೆ. ನಿಮ್ಮ ಪಂಚಾಯತು ಕಚೇರಿಯ ಜಾಗ ಒತ್ತಿದರೆ ತಿಂಗಳು ತಿಂಗಳಿನ ಉತ್ಪಾದನೆ ಬರುತ್ತದೆ. ಆಟಿಯ (ಜುಲೈ ಆಗಸ್ಟಿನ) ಮಳೆಯಲ್ಲಿ ಅದು ಫೆಬ್ರವರಿ ಮಾರ್ಚಿನ ಅರ್ಧದ ಹತ್ತಿರಕ್ಕೆ ಇಳಿಯುವುದನ್ನು ಜನರಿಗೆ ತೋರಿಸಿ, ವರ್ಷದ ಸರಾಸರಿ ಮಾತ್ರ ಹೇಳಿ ಆಸೆ ಹುಟ್ಟಿಸಬೇಡಿ. ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಮೂರು ಕಿಲೋವ್ಯಾಟಿಗೆ 78,000 ರೂಪಾಯಿ ಸಬ್ಸಿಡಿ ಇರುವುದರಿಂದ ಚಾವಣಿ ಸೋಲಾರ್ ಹೇಗೂ ಹೆಚ್ಚುತ್ತದೆ. ನೀವು ನೋಡಬೇಕಾದ್ದು ಒಂದೇ ಟ್ರಾನ್ಸ್‌ಫಾರ್ಮರಿನಡಿ ಅದು ಎಷ್ಟು ಸೇರುತ್ತದೆ ಎಂದು. ಹಗಲು ಬಳಸುವವರಿಲ್ಲದ ಕಡೆ ಸೋಲಾರ್ ಹೆಚ್ಚಾದರೆ ಮಧ್ಯಾಹ್ನ ವೋಲ್ಟೇಜ್ ಏರಿ ಇನ್ವರ್ಟರ್ ತಾನೇ ಬಂದ್ ಆಗುತ್ತದೆ. ಬೀಗ ಹಾಕಿದ ಮನೆಗಳ ಕೇರಿಯಲ್ಲಿ ಇದು ಬೇಗ ಆಗುತ್ತದೆ.

ಹಗಲು ಬಳಸುವವರು ಯಾರು? ಇಲ್ಲಿಗೆ ನಮ್ಮ ಅಡಕೆ ತೋಟ ಬರುತ್ತದೆ, ಮತ್ತು ನನ್ನ ಮಟ್ಟಿಗೆ ನಿಮ್ಮ ಇಡೀ ಯೋಜನೆಯ ಸತ್ವ ಇಲ್ಲೇ ಇದೆ. ತೋಟಕ್ಕೆ ನೀರು ಬೇಕಾದ್ದು ಡಿಸೆಂಬರಿನಿಂದ ಮೇ ವರೆಗೆ, ಬಿಸಿಲು ಚೆನ್ನಾಗಿ ಬೀಳುವ ಕಾಲಕ್ಕೇ. ನೀರು ಹಗಲೇ ಬಿಡಬಹುದು. ಎಸಿಯನ್ನು ಮಧ್ಯಾಹ್ನಕ್ಕೆ ಸರಿಸಲಾಗದು, ಪಂಪನ್ನು ಸರಿಸಬಹುದು. ಆದರೆ ನಮ್ಮ ಕೃಷಿಕರು ಬೆಳಗಿನ ಜಾವವೋ ತಡರಾತ್ರಿಯೋ ಪಂಪು ಬಿಡುವುದು ಆಗ ವೋಲ್ಟೇಜ್ ಇರುತ್ತದೆ ಎಂಬ ಕಾರಣಕ್ಕೆ. ಐದು ಎಚ್‌ಪಿ ಪಂಪು ಮೂರು ಎಸಿಯಷ್ಟು ಎಳೆಯುತ್ತದೆ. ಇದನ್ನು ಸೋಲಾರಿಗೆ ಹೊಂದಿಸಿದರೆ ಟ್ರಾನ್ಸ್‌ಫಾರ್ಮರಿಗೆ ಎರಡೂ ಕಡೆಯಿಂದ ಲಾಭ: ರಾತ್ರಿಯ ಲೋಡ್ ಇಳಿಯುತ್ತದೆ, ಮಧ್ಯಾಹ್ನದ ಸೋಲಾರಿಗೆ ಬಳಕೆ ಸಿಗುತ್ತದೆ. ಪಿಎಂ ಕುಸುಮ್ ಯೋಜನೆಯಡಿ ಈಗಿರುವ ಪಂಪುಗಳಿಗೆ ಸೋಲಾರ್ ಜೋಡಿಸುವ ಕೆಲಸವನ್ನು ಕೇರಳದಲ್ಲಿ ರಾಜ್ಯ ಸರಕಾರದ ಸಂಸ್ಥೆ ಅನೆರ್ಟ್ ನೋಡಿಕೊಳ್ಳುತ್ತದೆ.

ಪಂಪಿನ ಬೇಡಿಕೆಯನ್ನು ಲೆಕ್ಕದಿಂದಲೇ ತೆಗೆಯಬಹುದು, ಊಹೆ ಬೇಡ. ಸಾವಿರ ಲೀಟರ್ ನೀರನ್ನು ಒಂದು ಮೀಟರ್ ಎತ್ತಲು 0.0027 ಯೂನಿಟ್. ಎಕ್ರೆಗೆ ಸುಮಾರು 550 ಅಡಕೆ ಮರ. ಡ್ರಿಪ್ಪಿನಲ್ಲಿ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ಸಾಕು ಎಂಬುದು ನಮ್ಮ ಕೂಡ್ಲಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಯ ಶಿಫಾರಸು. ಇಪ್ಪತ್ತರಂತೆ 11,000 ಲೀಟರ್. ಬೋರ್‌ವೆಲ್ಲಿನಿಂದ ಒಟ್ಟು 60 ಮೀಟರ್ ಎತ್ತಬೇಕು, ಪಂಪು ಮೋಟರಿನ ದಕ್ಷತೆ ನಲವತ್ತು ಶೇಕಡ ಎಂದರೆ ದಿನಕ್ಕೆ ನಾಲ್ಕೂವರೆ ಯೂನಿಟ್. ಮರವೊಂದಕ್ಕೆ ಐದು ದಿನಕ್ಕೊಮ್ಮೆ 200 ಲೀಟರ್ ಬಿಡುವ ಕ್ರಮದಲ್ಲಿ ಇದರ ಇಮ್ಮಡಿ. ಬೋರ್‌ವೆಲ್ಲಿನ ನೀರು ಇಪ್ಪತ್ತು ಮೀಟರ್ ಕೆಳಗೆ ಹೋದರೆ ಖರ್ಚು ಮೂರನೇ ಒಂದು ಭಾಗ ಏರಿತು. ಕಾಸರಗೋಡು ಬ್ಲಾಕು ಅಂತರ್ಜಲದ ಎಚ್ಚರಿಕೆಯ ಪಟ್ಟಿಗೆ ಬಂದದ್ದುಂಟು, ಅಂದಮೇಲೆ ನೀರಿನ ಮಟ್ಟ ನಿಮ್ಮ ವಿದ್ಯುತ್ ಯೋಜನೆಯ ಒಂದು ಅಂಕಣವೇ ಆಗಬೇಕು. ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದ ನೀರು ತಾನಾಗಿ ಇಳಿದು ಬರುವ ತೋಟಕ್ಕೆ ಈ ಲೆಕ್ಕದಲ್ಲಿ ಸೊನ್ನೆ ಯೂನಿಟ್. ಸಮೀಕ್ಷೆಯಲ್ಲಿ ಸುರಂಗ ಇರುವ ತೋಟಗಳನ್ನು ಬೇರೆಯೇ ಗುರುತಿಸಿ. ಹಿರಿಯರು ತೋಡಿಸಿದ ಸುರಂಗ ಕುಸಿದು ಆ ತೋಟ ಬೋರ್‌ವೆಲ್ಲಿಗೆ ಬಂದರೆ ಎಷ್ಟು ಲೋಡ್ ಹೆಚ್ಚುತ್ತದೆ ಎಂದು ಆಗ ಹೇಳಬಹುದು. ದುರಸ್ತಿಗೆ ಅನುದಾನ ಕೇಳಲೂ ಅದೊಂದು ಆಧಾರ.

ಹತ್ತು ವರ್ಷದ ಮುನ್ನೋಟಕ್ಕೆ ಲೀಪ್ ಎಂಬ ತಂತ್ರಾಂಶ. ಸ್ಟಾಕ್‌ಹೋಮ್ ಎನ್ವಿರಾನ್ಮೆಂಟ್ ಇನ್‌ಸ್ಟಿಟ್ಯೂಟಿನದು, ಭಾರತದಂಥ ದೇಶಗಳ ಸರಕಾರಿ ಮತ್ತು ಶೈಕ್ಷಣಿಕ ಸಂಸ್ಥೆಗಳಿಗೆ ಪರವಾನಗಿ ಉಚಿತ. ಮನೆ, ಕೃಷಿ, ಅಂಗಡಿ, ಸಾರಿಗೆ ಎಂದು ಕವಲು ಕವಲಾಗಿ ಬಿಡಿಸಿ, ಪ್ರತಿಯೊಂದಕ್ಕೂ ಸಂಖ್ಯೆ ಮತ್ತು ಬಳಕೆ ಕೊಟ್ಟರೆ ಬೇರೆ ಬೇರೆ ಸನ್ನಿವೇಶಗಳನ್ನು ಅದು ಲೆಕ್ಕ ಹಾಕುತ್ತದೆ. ಕಲಿಯಲು ಸ್ವಲ್ಪ ಸಮಯ ಬೇಕು. ಪೊವ್ವಲಿನ ಎಲ್‌ಬಿಎಸ್ ಇಂಜಿನಿಯರಿಂಗ್ ಕಾಲೇಜಿನ ಕೊನೆಯ ವರ್ಷದ ವಿದ್ಯಾರ್ಥಿಗಳಿಗೆ ಪ್ರಾಜೆಕ್ಟ್ ಆಗಿ ಕೊಡಬಹುದೇ ಎಂದು ವಿಚಾರಿಸಿ. ಅದೂ ಆಗದಿದ್ದರೆ ಲಿಬ್ರೆ ಆಫೀಸಿನ ಶೀಟಿನಲ್ಲೇ ಮಾಡಿ, ಪಂಚಾಯತು ಮಟ್ಟಕ್ಕೆ ಏನೂ ಕಡಿಮೆಯಾಗದು.

ಲೀಪಿನಲ್ಲಿ ನನಗೆ ಇಷ್ಟವಾದದ್ದು, ಅದು ಕರೆಂಟಿನಾಚೆಯೂ ನೋಡುತ್ತದೆ. ನಿಮ್ಮ ಕಂಪನಿಯ ಡ್ಯಾಶ್‌ಬೋರ್ಡಿನಲ್ಲಿ ಗ್ಯಾಸು, ಸೌದೆ, ಪೆಟ್ರೋಲು ಇದೆಯೇ? ನಮ್ಮಲ್ಲಿ ಬಚ್ಚಲ ಹಂಡೆಗೆ ಇಂದಿಗೂ ತೆಂಗಿನ ಸಿಪ್ಪೆ, ಸೋಗೆ. ಅದು ತೋಟದ್ದೇ, ಉರಿಯಲಿ. ಆ ಮನೆಯವರು ಗೀಸರಿಗೆ ಹೋದರೆ ತಲಾ ಎರಡು ಕಿಲೋವ್ಯಾಟ್ ಬೆಳಗ್ಗೆ ಆರಕ್ಕೆ ಬಂದು ಕೂರುತ್ತದೆ. ಗ್ಯಾಸ್ ಬಿಟ್ಟು ಇಂಡಕ್ಷನ್ನಿಗೆ ಹೋದರೆ ಒಂದು ಸಿಲಿಂಡರಿಗೆ ಬದಲು ಸುಮಾರು 130 ಯೂನಿಟ್, ಅದೂ ಹೆಚ್ಚಾಗಿ ರಾತ್ರಿಯಡುಗೆಯ ಹೊತ್ತಿಗೆ. ಇಂಗಾಲದ ಲೆಕ್ಕವನ್ನೂ ಇಲ್ಲೇ ಹಾಕಿ. ದೇಶದ ಗ್ರಿಡ್ಡಿನ ಒಂದು ಯೂನಿಟ್ಟಿಗೆ ಸರಾಸರಿ 0.7 ಕಿಲೋದಷ್ಟು ಇಂಗಾಲದ ಡೈಆಕ್ಸೈಡ್. ಸಂಜೆಯ ಯೂನಿಟ್ಟು ಕಲ್ಲಿದ್ದಲಿನದಾಗಿರುವ ಸಾಧ್ಯತೆ ಹೆಚ್ಚು, ಆದ್ದರಿಂದ ಹಗಲಿಗೆ ಸರಿಸಿದ್ದೂ ಇಂಗಾಲ ಉಳಿಸಿದ್ದೇ.

ನಮ್ಮ ಜಿಲ್ಲೆಯ ಮೈಲಾಟಿಯಲ್ಲಿ 125 ಮೆಗಾವ್ಯಾಟಿನ, ನಾಲ್ಕು ಗಂಟೆ ಕೊಡಬಲ್ಲ ಬ್ಯಾಟರಿ ಯೋಜನೆಯ ಸುದ್ದಿ ಓದಿರಬಹುದು. ಅಂದರೆ 5 ಲಕ್ಷ ಯೂನಿಟ್. ಪೈವಳಿಕೆಯ ಪಾರ್ಕೂ ಅಂಬಲತ್ತರದ 50 ಮೆಗಾವ್ಯಾಟಿನ ಸೋಲಾರ್ ಪಾರ್ಕೂ ಸೇರಿ ಒಂದು ದಿನಕ್ಕೆ ಕೊಡುವುದು ಹೆಚ್ಚುಕಡಿಮೆ 4 ಲಕ್ಷ. ಹಗಲಿನದನ್ನು ಸಂಜೆಗೆ ಸಾಗಿಸುವ ಏರ್ಪಾಡು ಇದು, ಒಳ್ಳೆಯದೇ. ಗ್ರಾಮಸಭೆಯಲ್ಲಿ ಇದನ್ನು ಹೇಳಿ. ಆದರೆ ಮೈಲಾಟಿಯ ಬ್ಯಾಟರಿ ಜಿಲ್ಲೆಯ ಮಟ್ಟದ ಕೊರತೆಗೆ ಮದ್ದು. ನಿಮ್ಮ ಕೊನೆಯ ಕಂಬದ ಮನೆಗೆ ವೋಲ್ಟೇಜ್ ಬರಬೇಕಾದರೆ ಆ ಲೈನಿಗೆ ಹತ್ತಿರ ಇನ್ನೊಂದು ಟ್ರಾನ್ಸ್‌ಫಾರ್ಮರೇ ಬರಬೇಕು, ಅಥವಾ ಅದರ ಮೇಲಿನ ಪಂಪುಗಳು ಹಗಲಿಗೆ ಹೋಗಬೇಕು.

ಪಂಚಾಯತು ಮನಸ್ಸು ಮಾಡಿದರೆ ಆಗುತ್ತದೆಯೇ ಎಂಬ ಸಂಶಯ ಯಾರಿಗಾದರೂ ಇದ್ದರೆ, ಫಿಲಮೆಂಟ್ ಬಲ್ಬ್ ಇಲ್ಲದ ಪಂಚಾಯತು ಎಂದು ಹೆಸರಾದ ಪೀಲಿಕ್ಕೋಡು ನಮ್ಮ ಜಿಲ್ಲೆಯದ್ದೇ. ವಯನಾಡಿನ ಮೀನಂಗಾಡಿ 2016ರಿಂದ ಕಾರ್ಬನ್ ನ್ಯೂಟ್ರಲ್ ಯೋಜನೆಯಲ್ಲಿದೆ. ಅವರ ಲೆಕ್ಕದ ಕ್ರಮವನ್ನು ಒಮ್ಮೆ ಹೋಗಿ ನೋಡಿ ಬನ್ನಿ. ತಿರುವನಂತಪುರದ ಎನರ್ಜಿ ಮ್ಯಾನೇಜ್‌ಮೆಂಟ್ ಸೆಂಟರಿನವರೂ ಸ್ಥಳೀಯ ಸಂಸ್ಥೆಗಳ ಜತೆ ಕೆಲಸ ಮಾಡುತ್ತಾರೆ. ಅವರಿಗೆ ಬರೆಯುವಾಗ ಕೈಪಿಡಿ, ಸಮೀಕ್ಷೆಯ ನಮೂನೆಗಳು ಕನ್ನಡದಲ್ಲೂ ಬೇಕೆಂದು ಮೊದಲ ಸಾಲಿನಲ್ಲೇ ಕೇಳಿ.

ಡ್ಯಾಶ್‌ಬೋರ್ಡಿಗೆ ಎತ್ತಿಟ್ಟ ದುಡ್ಡು ಇದ್ದರೆ ಅದನ್ನು ಸಮೀಕ್ಷೆ ಮಾಡುವ ಹೆಂಗಸರ ಸಂಬಳಕ್ಕೆ, ಒಂದು ಲ್ಯಾಪ್‌ಟಾಪಿಗೆ, ಹೆಚ್ಚು ತುಂಬಿದ ಟ್ರಾನ್ಸ್‌ಫಾರ್ಮರುಗಳಿಗೆ ಕೆಎಸ್‌ಇಬಿ ಒಪ್ಪಿಗೆಯೊಂದಿಗೆ ಮೀಟರ್ ಹಾಕಿಸಲಿಕ್ಕೆ ಬಳಸಿ. ಸಮೀಕ್ಷೆಯಲ್ಲಿ ಯಾರ ಕನ್ಸ್ಯೂಮರ್ ನಂಬರನ್ನೂ ಬರೆದುಕೊಳ್ಳಬೇಡಿ. ಅದರ ಅಗತ್ಯವಿಲ್ಲ, ಯಾವ ಮನೆಗೆ ಯಾವಾಗ ಬೀಗ ಎಂಬ ಪಟ್ಟಿಯೂ ಕಂಡವರ ಕೈಗೆ ಹೋಗಬಾರದು. ಟ್ರಾನ್ಸ್‌ಫಾರ್ಮರ್ ಸಂಖ್ಯೆಯಡಿ ಒಟ್ಟು ಮೊತ್ತ ಮಾತ್ರ ಇಡಿ. ಕೆಲಸ ಶುರುವಾಗಬೇಕಾದ್ದು ಜನವರಿಯಲ್ಲಿ. ಮಾರ್ಚ್ ಏಪ್ರಿಲಿನ ಸಂಜೆಯ ಲೋಡ್ ಅಳೆಯುವುದು ತಪ್ಪಿದರೆ ಮತ್ತೆ ಒಂದು ವರ್ಷ ಕಾಯಬೇಕು.